ಲಕ್ಷಬತ್ತಿಯೊಳಗೆ ಬೆಕ್ಕಿನ ಕೂದಲು

…ಅಥವಾ ಬಾಲ ಅಷ್ಟು ದಪ್ಪ ಇರಲೇ ಇಲ್ಲವೇನೋ. ಹೇಳುತ್ತ ಹೇಳುತ್ತ ನಾನೇ ಅದನ್ನು ದಪ್ಪ ಮಾಡಿರಬಹುದು. ಮೊದಲ ಸಲ ಯಾರಿಗೋ ಹೇಳಿದಾಗ ಸ್ವಲ್ಪ ಪೊದೆಯ ಹಾಗಿತ್ತು ಅಂದಿರುತ್ತೇನೆ. ಈಗ ಬಾಯಿ ತೆರೆದರೆ ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಅನ್ನುತ್ತೇನೆ. ಇರುವುದು ಒಂದೇ ಫೋಟೊ. ಕಪ್ಪು ಬಿಳುಪು. ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ನಾನು ಕೂತಿದ್ದೇನೆ, ತೊಡೆಯ ಮೇಲೆ ಬೆಕ್ಕು. ಕ್ಲಿಕ್ಕಿಸುವ ಹೊತ್ತಿಗೆ ಅದು ಅಲುಗಾಡಿದ್ದರಿಂದ ಬಾಲ ಇರಬೇಕಾದ ಜಾಗದಲ್ಲಿ ಒಂದಿಷ್ಟು ಮಂಜು ಇದೆ. ಮೊನ್ನೆ ನನ್ನ ಮಗಳು ಈ ಫೋಟೊವನ್ನು ಫೋನಿನ ಯಾವುದೋ ಆ್ಯಪಿಗೆ ತೋರಿಸಿದಳು. ಪರ್ಷಿಯನ್ ಮಿಶ್ರತಳಿ ಎಂದು ಬಂತು. ಫೋನು ಸ್ವಲ್ಪ ಓರೆ ಹಿಡಿದು ಇನ್ನೊಮ್ಮೆ ತೋರಿಸಿದಳು. ಸಾಮಾನ್ಯ ಮನೆಬೆಕ್ಕು ಎಂದಿತು. ಮೂರನೆಯ ಸಲ ಅದು ನನ್ನ ಮೊಣಕಾಲನ್ನು ನಾಯಿ ಎಂದು ಗುರುತಿಸಿದ ಮೇಲೆ ಇಬ್ಬರೂ ಆಟ ಬಿಟ್ಟೆವು.

“ಈಗಿನ ಬೆಕ್ಕಾಗಿದ್ರ ಗಲ್ಲದೊಳಗ ಒಂದು ಹತ್ತಿ ಕಡ್ಡಿ ಆಡಿಸಿ ಡಿಎನ್‌ಎ ಟೆಸ್ಟಿಗೆ ಕಳಿಸಿದ್ರ ಆತಮ್ಮ, ಅದರ ಏಳು ತಲಿ ಹೇಳ್ತಾರ” ಎಂದಳು ಮಗಳು.

“ಅದು ಸತ್ತು ನಿನ್ನ ವಯಸ್ಸಿಗಿಂತ ಹೆಚ್ಚಾತು. ಯಾರ ಗಲ್ಲಕ್ಕ ಆಡಸ್ತಿ?”

“ಮತ್ತ ಯಾಕ ಇಷ್ಟು ತಲಿ ಕೆಡಿಸ್ಕೊಂಡೀ?”

ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಪರ್ಷಿಯನ್ ರಕ್ತ ಇದೆ ಎಂದು ತೀರ್ಮಾನವಾದರೆ ಬೆಕ್ಕು ಮನೆ ಬಿಡಬೇಕಿತ್ತು. ಇಲ್ಲ ಎಂದಾದರೆ ಉಳಿಯಬಹುದಿತ್ತು. ಜಾತಿ ಬೆಕ್ಕು ಎಂದರೆ ಜನ ಬೆಲೆ ಕೊಟ್ಟು ತರುತ್ತಾರೆ. ನಮ್ಮಲ್ಲಿ ತದ್ವಿರುದ್ಧ ಆದದ್ದು ಯಾಕೆ ಎಂದು ಮಗಳಿಗೆ ಹೇಳಲು ಹೊರಟರೆ ಮೊದಲು ಆ ಮನೆಯನ್ನೇ ಹೇಳಬೇಕಾಗುತ್ತದೆ. ಮನೆಯನ್ನು ಹೇಳಲು ಹೊರಟರೆ ಬಾಲದ ಹಾಗೆಯೇ ಗೋಡೆಗಳೂ ದಪ್ಪವಾಗುತ್ತವೆ.

ಬಳ್ಳಾರಿಯ ಆ ಓಣಿಯಲ್ಲಿ ಯಾವ ಮನೆಯ ಮಾಳಿಗೆ ಹತ್ತಿದರೂ ಕೋಟೆಯ ಗುಡ್ಡ ಎದುರಿಗೇ ಬಂದು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಬಂಡೆ ಸಂಜೆಗೆ ಅಷ್ಟೂ ಕಾವನ್ನು ನಮ್ಮ ಕಡೆ ಊದುತ್ತಿತ್ತು. ಪಡಸಾಲೆ, ನಡುಮನೆ, ಅಡಿಗೆಮನೆ, ಅದರ ಒಳಗೊಂದು ಕತ್ತಲೆಯ ದೇವರಮನೆ. ಹಿಂದೆ ಬಚ್ಚಲು, ಬಚ್ಚಲ ಆಚೆ ಹಿತ್ತಲಿಗೆ ತೆರೆದ ಒಂದು ಸಣ್ಣ ಕೋಣೆ. ನೆಲಕ್ಕೆ ಕಡಪ ಕಲ್ಲು. ಕಲ್ಲುಗಳ ನಡುವಿನ ಗೆರೆಗಳು ಬರೀ ಗೆರೆಗಳಾಗಿರಲಿಲ್ಲ, ಗಡಿಗಳಾಗಿದ್ದವು. ಶಾಲೆಯಿಂದ ಬಂದ ನಾನು ನಡುಮನೆಯ ಎರಡನೆಯ ಕಲ್ಲು ದಾಟುವಂತಿರಲಿಲ್ಲ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಸ್ನಾನ ಮಾಡದೆ ಅಡಿಗೆಮನೆಗೆ ಇಣುಕುವಂತಿರಲಿಲ್ಲ. ಅಮ್ಮ ಒದ್ದೆಬಟ್ಟೆ ಉಟ್ಟು ಮಡಿಯಲ್ಲಿ ಅಡಿಗೆಗೆ ನಿಂತರೆ ಅವಳನ್ನು ನಾನು ಮುಟ್ಟುವಂತಿರಲಿಲ್ಲ. ತಿಂಗಳಲ್ಲಿ ಮೂರು ದಿನ ಅಮ್ಮ ಆ ಹಿತ್ತಲ ಕೋಣೆಯಲ್ಲಿ ಇರುತ್ತಿದ್ದಳು. ಆಗಂತೂ ಯಾರೂ ಮುಟ್ಟುವಂತಿರಲಿಲ್ಲ. ತಟ್ಟೆಯನ್ನು ದೂರದಿಂದ ಸರಿಸುತ್ತಿದ್ದರು. ಈ ಗಡಿಗಳ ಕಾವಲು ಅಪ್ಪನ ತಾಯಿ, ನನ್ನ ಅಜ್ಜಿ. ಕಣ್ಣು ಮಂಜಾಗಿದ್ದರೂ ಯಾರ ಹೆಜ್ಜೆ ಯಾವ ಕಲ್ಲಿನ ಮೇಲೆ ಬಿತ್ತು ಎನ್ನುವುದು ಅವಳಿಗೆ ಕಿವಿಯಿಂದ ಗೊತ್ತಾಗುತ್ತಿತ್ತು.

“ವೈಜೂ, ಕಾಲು ಹಿಂದ ತೊಗೋ.”

“ಹಿಂದನ ಅದ ಅಜ್ಜಿ.”

“ಇನ್ನೂ ಹಿಂದ.”

ಎಲ್ಲ ಕಲ್ಲುಗಳ ಮೇಲೂ ಓಡಾಡಬಲ್ಲವಳು ಒಬ್ಬಳೇ, ಬೆಕ್ಕು. ಬೆಕ್ಕಿಗೆ ಮೈಲಿಗೆ ಇಲ್ಲ ಎನ್ನುವುದು ಅಜ್ಜಿ ಅವಳ ಅತ್ತೆಯಿಂದ ಕಲಿತ ಶಾಸ್ತ್ರ. ನಾಯಿ ನೆರಳು ಬಿದ್ದರೆ ಸ್ನಾನ, ಬೆಕ್ಕು ತಾನೇ ಬಂದು ಮಡಿಸೀರೆಗೆ ಮೈ ತಿಕ್ಕಿದರೂ ಏನಿಲ್ಲ. ಹಿತ್ತಲ ಕೋಣೆಯಲ್ಲಿ ಅಮ್ಮ ಒಬ್ಬಳೇ ಕೂತಿರುವಾಗ ಬೆಕ್ಕು ಅವಳ ತೊಡೆಯ ಮೇಲೆ ಮಲಗುತ್ತಿತ್ತು. ಆಮೇಲೆ ಎದ್ದು, ಮೈಮುರಿದು, ನೇರ ದೇವರಮನೆಗೆ ಹೋಗಿ ಅಜ್ಜಿಯ ಪಕ್ಕ ಕೂಡುತ್ತಿತ್ತು. ನಾನು ಎರಡನೆಯ ಕಲ್ಲಿನ ಮೇಲೆ ನಿಂತು ಇದನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ ಎಂದು ಈಗ ಬರೆಯಬಹುದು. ಆಗ ಅದಕ್ಕೆ ಏನು ಹೆಸರಿತ್ತೋ.

ಬೆಕ್ಕು ಬಂದದ್ದು ಸಿರುಗುಪ್ಪದಿಂದ. ಅಪ್ಪನ ತಮ್ಮ ಶೀನು ಕಾಕಾ ಅಲ್ಲಿ ಶಾಲೆಯ ಮಾಸ್ತರು. ಒಂದು ಭಾನುವಾರ ಬಿದಿರಿನ ಬುಟ್ಟಿಯ ಮೇಲೆ ಒದ್ದೆ ಟವೆಲ್ಲು ಮುಚ್ಚಿಕೊಂಡು ಬಸ್ಸಿನಲ್ಲಿ ತಂದ. ಅಮ್ಮ ಆಗ ನಡುಮನೆಯಲ್ಲಿ ಹೂಬತ್ತಿಗೆ ಅರಳೆ ಬಿಡಿಸುತ್ತ ಕೂತಿದ್ದಳು. ಬುಟ್ಟಿ ತೆರೆದದ್ದೇ ಮರಿ ಹಾರಿ ಅರಳೆಯ ರಾಶಿಯಲ್ಲಿ ಕೂತುಬಿಟ್ಟಿತು. ಯಾವುದು ಅರಳೆ ಯಾವುದು ಮರಿ ತಿಳಿಯಲಿಲ್ಲವಂತೆ. ಅಂತೆ ಎಂದು ಸುಮ್ಮನೆ ಬರೆಯಲಿಲ್ಲ, ನಾನು ಅದನ್ನು ನೋಡಿದ್ದೆನೋ ಅಥವಾ ಅಮ್ಮ ಹೇಳಿದ್ದನ್ನು ನೋಡಿದ್ದೆನೋ ಈಗ ಬೇರೆ ಮಾಡಲಾರೆ. ಹೆಸರು ಮಾತ್ರ ಅಲ್ಲಿಂದ ಬಂತು. ಅರಳಿ, ಅರಳಿ ಎಂದು ಕರೆಯುತ್ತಿದ್ದೆವು. ಬೂದಿ ಬೆರೆಸಿದ ಬಿಳಿ ಬಣ್ಣ, ಕೊರಳ ಸುತ್ತ ಉದ್ದ ಕೂದಲು, ಮೂಗು ಸ್ವಲ್ಪ ಒತ್ತಿದ ಹಾಗೆ. ಸ್ವಲ್ಪ.

“ಇದು ಸಾದಾ ಬೆಕ್ಕಲ್ಲ, ಪರ್ಷಿಯನ್” ಎಂದ ಶೀನು ಕಾಕಾ, ಇನ್ನೂ ಚಪ್ಪಲಿ ಬಿಡುವ ಮೊದಲೇ. “ಅಕ್ಕಿ ಮಿಲ್ಲಿನವ್ರ ಮನ್ಯಾಗಿಂದು. ಹೈದರಾಬಾದಿನ ನವಾಬರ ಪೈಕಿ ಯಾರೋ ಅವರಿಗೆ ಕೊಟ್ಟಿದ್ರಂತ. ಹಂಗ ಸಿಗಂಗಿಲ್ಲ ಇವು.”

“ನಮ್ಮ ಕುರುಗೋಡದಾಗ ಇಂಥಾದ್ದು ಬೇಕಾದಷ್ಟು ಐತಿ” ಎಂದಳು ಅಮ್ಮ ತಲೆಯೆತ್ತದೆ. ಕುರುಗೋಡು ಅವಳ ತವರು. ಸಿಟ್ಟು ಬಂದಾಗ ಅಥವಾ ತವರು ನೆನಪಾದಾಗ ಅವಳ ಬಾಯಲ್ಲಿ ಊರಿನ ಮಾತು ಬರುತ್ತಿತ್ತು.

“ಐತಿ ಅಂತ, ಐತಿ! ಕುರುಗೋಡದಾಗ ಏನಿಲ್ಲ ಹೇಳು” ಎಂದಳು ಅಜ್ಜಿ ದೇವರಮನೆಯಿಂದ. “ಬಂಗಾರದ ಗುಡ್ಡಾನೂ ಅಲ್ಲೇ ಇರಬೇಕು.”

ಅಪ್ಪನಿಗೆ ಕಾಕಾನ ಮಾತೇ ಹಿಡಿಸಿತು. ಅಪ್ಪನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಸೈಕಲ್ಲೂ ಹಳೆಯದು. ಕಚೇರಿಯ ಗೆಳೆಯರನ್ನು ಸಂಜೆ ಕರೆತಂದು, ಒಗ್ಗರಣೆ ಮಂಡಕ್ಕಿ ಕೊಡಿಸಿ, ಬೆಕ್ಕನ್ನು ತೋರಿಸುತ್ತಿದ್ದ. ಅವರು ಬಾಲ ಹಿಡಿದು ನೋಡಿ, ಹೌದಪಾ ಗೋಪಾಲ, ಜಾತಿದ ಅದ ಎನ್ನುತ್ತಿದ್ದರು. ನಾನು ಶಾಲೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಮ್ಮ ಬೆಕ್ಕಿಗೆ ಕನ್ನಡ ತಿಳಿಯುವುದಿಲ್ಲ ಎಂದು ಹೇಳಿದ್ದೆ. ಪರ್ಷಿಯನ್ ಆದರೇನು, ನಮ್ಮ ಮನೆಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಮೊಸರನ್ನ. ಚಾತುರ್ಮಾಸ್ಯ ಬಂದರೆ ಅದೂ ಕಷ್ಟ. ಒಂದು ತಿಂಗಳು ಮನೆಯಲ್ಲಿ ಮೊಸರಿಲ್ಲ, ಇನ್ನೊಂದು ತಿಂಗಳು ಹಾಲಿಲ್ಲ. ದೇವರಿಗೇ ಇಲ್ಲದ್ದು ಬೆಕ್ಕಿಗೆ ಯಾಕೆ ಎನ್ನುವುದು ಅಜ್ಜಿಯ ವಾದ. ಬೆಕ್ಕು ವ್ರತ ಹಿಡಿದಿಲ್ಲ ಎನ್ನುವುದು ಅಮ್ಮನ ವಾದ. ಅಮ್ಮ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಹಾಲು ಇಸಿದುಕೊಂಡು, ಅಲ್ಲೇ ಸೆರಗಿನ ಮರೆಯಲ್ಲಿ ಅರಳಿಗೆ ಕುಡಿಸುತ್ತಿದ್ದಳು. ಅಜ್ಜಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ಅಮ್ಮನಿಗೂ ಗೊತ್ತಿತ್ತು. ಅವರಿಬ್ಬರ ಸಂಸಾರ ನಡೆದದ್ದೇ ಹೀಗೆ.

ಅಜ್ಜಿ ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ಲಕ್ಷ ಹೂಬತ್ತಿಗಳನ್ನು ಕೈಯಿಂದಲೇ ಹೊಸೆದು, ಕಾರ್ತಿಕದಲ್ಲಿ ತುಪ್ಪದಲ್ಲಿ ನೆನೆಸಿ ದೇವರ ಮುಂದೆ ಉರಿಸಿದರೆ ಹರಕೆ ಮುಗಿದಂತೆ. ಯಾತಕ್ಕಾಗಿ ಹೊತ್ತಿದ್ದಳು ಎಂದು ನಮಗೆ ಹೇಳಿರಲಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ದೇವರಮನೆಯ ಹೊಸ್ತಿಲಿಗೆ ಒರಗಿ, ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಹೊಸೆಯುತ್ತಿದ್ದಳು. ಕಣ್ಣು ಕಾಣದಿದ್ದರೂ ಬೆರಳು ನಿಲ್ಲುತ್ತಿರಲಿಲ್ಲ. ಮಾಡಿದ ಬತ್ತಿಗಳು ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ದೇವರಮನೆಯ ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಅರಳಿ ಅರಳೆಯ ಬುಟ್ಟಿಯ ಪಕ್ಕ, ಎಷ್ಟೋ ಸಲ ಬುಟ್ಟಿಯೊಳಗೇ, ಮಲಗಿರುತ್ತಿತ್ತು. ಇದರಲ್ಲಿ ಮುಂದೆ ಏನಾಗುತ್ತದೆ ಎಂದು ಈಗ ಯಾರಿಗಾದರೂ ಹೊಳೆಯುತ್ತದೆ. ಆಗ ನಮಗೆ ಹೊಳೆಯಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಹರಕೆ ಇನ್ನೇನು ತುಂಬುವುದರಲ್ಲಿತ್ತು, ಕಾರ್ತಿಕ ಹತ್ತಿರ ಬಂದಿತ್ತು.

ಒಂದು ಸಂಜೆ ಅಜ್ಜಿ ಡಬ್ಬಿಯಿಂದ ಎರಡು ಹೊಸ ಬತ್ತಿ ತೆಗೆದು ದೀಪ ಹಚ್ಚಿದಳು. ಬತ್ತಿ ಚಟಪಟ ಎಂದಿತು. ನಾಲ್ಕು ಕೋಣೆಗೂ ಒಂದು ವಾಸನೆ ಹಬ್ಬಿತು. ಒಲೆಯ ಮುಂದೆ ಬಗ್ಗಿದಾಗ ಮುಂಗೂದಲಿಗೆ ಬೆಂಕಿ ತಾಗಿದರೆ ಬರುತ್ತದಲ್ಲ, ಅದು.

“ಯಾರ ತಲಿ ಸುಟ್ಟಿತು? ಸುಶೀಲಾ!”

“ನಂದಲ್ರಿ ಅತ್ಯಾ. ನಾ ಇಲ್ಲೇ ಬಚ್ಚಲದಾಗ ಇದ್ದೀನಿ” ಎಂದಳು ಅಮ್ಮ.

ಅಜ್ಜಿ ಒಂದು ಬತ್ತಿಯನ್ನು ಬೆರಳಿಂದ ಬಿಡಿಸಿ, ಕಣ್ಣಿಗೆ ಕಾಣದೆ ನನ್ನನ್ನು ಕರೆದಳು. ಅವತ್ತು ಮಾತ್ರ ಯಾರೂ ಕಲ್ಲು ಎಣಿಸಲಿಲ್ಲ, ನಾನು ದೇವರಮನೆಯ ಹೊಸ್ತಿಲ ತನಕ ಹೋದೆ. ಅರಳೆಯ ಎಳೆಗಳ ನಡುವೆ, ಅದಕ್ಕಿಂತ ನುಣ್ಣಗೆ, ಅದಕ್ಕಿಂತ ಹೊಳೆಯುವ ಕೂದಲು. ಇನ್ನೊಂದು ಡಬ್ಬಿ ತೆಗೆದೆವು, ಅದರಲ್ಲೂ ಇತ್ತು. ಮತ್ತೊಂದರಲ್ಲಿ ಇರಲಿಲ್ಲ, ಅಥವಾ ಕಾಣಲಿಲ್ಲ. ಬುಟ್ಟಿಯಲ್ಲಿ ಉದುರಿದ ಬೆಕ್ಕಿನ ತುಪ್ಪಳವನ್ನು ಅಜ್ಜಿ ಅರಳೆ ಎಂದು ಎಷ್ಟು ದಿನದಿಂದ ಹೊಸೆಯುತ್ತಿದ್ದಳೋ. ಯಾವ ಬತ್ತಿಯಲ್ಲಿದೆ, ಯಾವುದರಲ್ಲಿಲ್ಲ ಎಂದು ಲಕ್ಷವನ್ನೂ ಬಿಡಿಸಿ ನೋಡುವವರು ಯಾರು? ಅಜ್ಜಿ ಡಬ್ಬಿಗಳ ಮುಂದೆ ಕೂತಳು. ಅಳಲಿಲ್ಲ. ಬೆರಳುಗಳನ್ನು ಮಾತ್ರ ಒಂದನ್ನೊಂದು ಒತ್ತಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದು ಓಣಿಯ ಕೊನೆಯ ಮನೆಯ ಆಚಾರ್ಯರ ಹತ್ತಿರ ಹೋದಳು. ಅವರು ಜಗಲಿಯ ಮೇಲೆ ಕೂತು ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

“ಬೆಕ್ಕಿಗೆ ದೋಷ ಇಲ್ರಿ ಅಮ್ಮ. ಎದಿಗ್ಯಾಕ ಹಚ್ಕೋತೀರಿ?”

“ಉದುರಿದ ಕೂದಲಕ್ಕೂ ಇಲ್ಲೇನ್ರಿ?”

“ಬೆಕ್ಕಿಗೇ ಇಲ್ಲಂದ ಮ್ಯಾಲ ಅದರ ಕೂದಲಕ್ಕ ಎಲ್ಲಿಂದ ಬರ್ತದ? ತಿಳೀದ ಆದದ್ದು. ದೇವ್ರು ತೊಗೋತಾನ.” ಅಜ್ಜಿ ಎದ್ದು ನಿಂತಾಗ ಅವರು ಎಣ್ಣೆಗೈ ಎತ್ತಿದರು. “ಆದ್ರ ತಡೀರಿ. ನಿಮ್ಮ ಗೋಪಾಲ ಅದು ಪರ್ಷಿಯಾದ್ದು ಅಂತ ಊರೆಲ್ಲಾ ಹೇಳ್ಕೋತ ಅಡ್ಡಾಡ್ತಾನ. ಶಾಸ್ತ್ರ ಬರೆದವ್ರು ನಮ್ಮ ಬೆಕ್ಕು ಕಂಡಿದ್ರು. ಆ ಬೆಕ್ಕಿನ ಸುದ್ದಿ ನಂಗ ಗೊತ್ತಿಲ್ಲ ನೋಡ್ರಿ.”

ಅವರು ನಗುತ್ತ ಹೇಳಿದರು ಎಂದು ನನ್ನ ನೆನಪು. ಹಲ್ಲಿಲ್ಲದ ಬಾಯಿ, ಹೊಟ್ಟೆ ಕುಣಿಯುತ್ತಿತ್ತು. ಆದರೆ ಅಜ್ಜಿ ಅವರ ಮಾತಿನಲ್ಲಿ ಬೇರೆ ಏನನ್ನು ಬಿಟ್ಟರೂ ತೀರ್ಪನ್ನು ಬಿಡುವವಳಲ್ಲ. ಮನೆಗೆ ಬಂದವಳೇ ಅಪ್ಪನ ಕೈಯಿಂದ ಪೇಪರು ಕಿತ್ತುಕೊಂಡಳು.

“ಪರ್ಷಿಯಾ ಅಂದ್ರ ಎಲ್ಲಿ ಬರ್ತದೋ?”

“ಭಾಳ ದೂರ ಅವ್ವಾ. ಸಮುದ್ರದಾಚಿ.”

“ಸಮುದ್ರ ದಾಟಿ ಬಂದದ್ದನ್ನ ದೇವರ ಮನ್ಯಾಗ ಮಲಗಿಸ್ಕೊಂಡೀನಿ ನಾನು!”

“ಇದು ಎಲ್ಲಿ ದಾಟೇದ? ಇದರ ಅಜ್ಜ ಮುತ್ತಜ್ಜ ಯಾರಾದ್ರೂ ದಾಟಿರಬೇಕು.”

“ಅಜ್ಜ ದಾಟಿದ್ರ ಮೊಮ್ಮಗಳು ತೊಳಕೊಂಡು ಹುಟ್ಟಿದಂಗಾತೇನು?”

ಅಪ್ಪ ಪೇಪರು ಇಲ್ಲದ ಕೈಗಳನ್ನು ನೋಡಿಕೊಂಡ. ಅಜ್ಜಿ ತನ್ನ ನಿರ್ಧಾರ ಹೇಳಿದಳು. ಸಿರುಗುಪ್ಪಕ್ಕೆ ತಾನೇ ಹೋಗಿ ಬೆಕ್ಕಿನ ಮೂಲ ಕೇಳುವುದು. ಊರ ಬೆಕ್ಕು ಎಂದಾದರೆ ಬತ್ತಿಯೂ ಸರಿ, ಬೆಕ್ಕೂ ಸರಿ. ಪರದೇಶದ್ದು ಎಂದಾದರೆ ಅಷ್ಟೂ ಬತ್ತಿ ನೀರಿಗೆ, ಬೆಕ್ಕು ಬಂದ ಬುಟ್ಟಿಯಲ್ಲೇ ವಾಪಸು. ಅಲ್ಲಿಯ ತನಕ ಅರಳಿಗೆ ಪಡಸಾಲೆ ದಾಟಲು ಇಲ್ಲ. ನಡುಮನೆಯ ಬಾಗಿಲು ಹಾಕಿದರು. ಆ ತಿಂಗಳು ಅಮ್ಮ ಹಿತ್ತಲ ಕೋಣೆಯಲ್ಲಿ ಕೂತಾಗ ಅರಳಿ ಮುಚ್ಚಿದ ಬಾಗಿಲಿನ ಈಚೆ ಮೂರು ದಿನವೂ ಒದರುತ್ತಿತ್ತು. ಅಮ್ಮ ಆಚೆಯಿಂದ ಒಂದು ಸಲವೂ ಅದರ ಹೆಸರು ಕರೆಯಲಿಲ್ಲ. ಕರೆದಿದ್ದರೆ ನನಗೆ ಕೇಳಿಸುತ್ತಿತ್ತು.

ನಮ್ಮ ಮನೆ ತಲೆಕೆಳಗಾಯಿತು. ನಿನ್ನೆಯ ತನಕ ಬೆಕ್ಕಿನ ಕುಲ ಏರಿಸುತ್ತಿದ್ದವರು ಈಗ ಇಳಿಸಲು ನಿಂತೆವು. ಅಪ್ಪ ಕಚೇರಿಯಲ್ಲಿ ಅದು ಹಂಗೇನಿಲ್ಲಪಾ, ನಮ್ಮ ಕಡೆಯದೇ ಎಂದು ಹೇಳತೊಡಗಿದನಂತೆ. ನಾನು ಅರಳಿಯ ಮೂಗನ್ನು ಬೆರಳಿನಿಂದ ಮುಂದಕ್ಕೆ ಎಳೆದು ನೋಡುತ್ತಿದ್ದೆ. ಒಂದು ದಿನ ಅದರ ಮೈಗೆ ನೀರು ಸುರಿದೆ; ಕೂದಲು ಮೈಗೆ ಅಂಟಿದಾಗ ಒಳಗಿನಿಂದ ಒಂದು ಬಡಕಲು, ಮಾಮೂಲಿ, ಓಣಿಯ ಬೆಕ್ಕು ಹೊರಬಂತು. ಕೂಗಿ ಅಪ್ಪನಿಗೆ ತೋರಿಸಿದೆ. ಒಣಗುವಷ್ಟರಲ್ಲಿ ಮತ್ತೆ ಪರ್ಷಿಯಾ. ಅಲ್ಲಿಂದಲೇ ನನಗೆ ಒಂದೇ ವಸ್ತುವನ್ನು ಎರಡು ಥರ ನೋಡುವ ಚಟ ಹತ್ತಿತು ಎಂದು ಬರೆಯಲು ಕೈ ಓಡುತ್ತಿದೆ. ಬರೆಯಬಾರದು. ಚಟ ಮೊದಲೇ ಇದ್ದಿರಬಹುದು.

ಸಿರುಗುಪ್ಪಕ್ಕೆ ಹೋದವರು ಅಜ್ಜಿ ಮತ್ತು ನಾನು. ಅಜ್ಜಿ ಮನೆಯ ನೀರನ್ನು ತಂಬಿಗೆಯಲ್ಲಿ ಬಟ್ಟೆ ಕಟ್ಟಿ ತಂದಿದ್ದಳು, ದಾರಿಗೆ ಹಚ್ಚಿದ ಅವಲಕ್ಕಿ. ಊರು ಹತ್ತಿರವಾದಂತೆ ಕಪ್ಪುಹೊಲ ಹೋಗಿ ಎರಡೂ ಕಡೆ ಭತ್ತ, ಕಾಲುವೆಯ ನೀರು, ತೌಡಿನ ವಾಸನೆ. ಬಸ್‌ಸ್ಟ್ಯಾಂಡಿನಲ್ಲಿ ಶೀನು ಕಾಕಾ ಕಾಯುತ್ತಿದ್ದ. ಅವನ ಮುಖ ಸೋತಿತ್ತು. ಅವನ ಹಿಂದೆ ಅಕ್ಕಿ ಮಿಲ್ಲಿನ ಮನೆಗೆ ಹೋದೆವು. ಮಿಲ್ಲಿನ ಯಜಮಾನಿ ತೆಲುಗಿನವಳು, ಕೈತುಂಬ ಗಾಜಿನ ಬಳೆ, ಮಾತು ಅರ್ಧ ಕನ್ನಡ. ಅಜ್ಜಿಗೆ ಮಣೆ ಹಾಕಿದಳು, ನೀರು ಕೊಟ್ಟಳು. ಅಜ್ಜಿ ನೀರು ಮುಟ್ಟದೆ, ಹೆಣ್ಣು ನೋಡಲು ಬಂದವರ ಹಾಗೆ ಸೆರಗು ಸರಿಮಾಡಿಕೊಂಡು ಕೇಳಲು ಶುರುಮಾಡಿದಳು.

“ಅದರ ತಾಯಿ ನಿಮ್ಮಲ್ಲೇ ಇತ್ತೇನವ್ವಾ?”

“ಇತ್ತಮ್ಮ. ಬೆಳ್ಳಗ, ಮೈ ತುಂಬ ಕೂದಲ. ಹೋದ ವರ್ಷ ಪೋಯಿಂದಿ, ಸತ್ತೋತು.”

“ಹೈದರಾಬಾದಿಂದ ಬಂದದ್ದಂತಲ್ಲ, ನವಾಬರ ಮನ್ಯಾಗಿಂದ?”

ಅವಳು ಕಾಕಾನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ನಕ್ಕಳು. “ಹೈದರಾಬಾದಿಂದ ಬಂದಿದ್ದು ನಮ್ಮ ನಾಯಿ, ಮಾಸ್ಟರ್ರೇ! ಬೆಕ್ಕಲ್ಲ.”

ಕಾಕಾ ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

“ಹಂಗಾದ್ರ ಬೆಕ್ಕು?”

“ಬೆಣ್ಣಿ ಮಾರಾಕ ಒಬ್ಬಾಕಿ ಬರ್ತಿದ್ಲು, ಕುರುಗೋಡ ಕಡೆಯಾಕಿ. ಮಿಲ್ಲಿನಾಗ ಇಲಿ ಕಾಟ ಭಾಳ ಐತಿ ಅಂದಿದ್ದಕ್ಕ ಆಕಿ ಒಂದು ಮರಿ ತಂದು ಕೊಟ್ಲು. ಅದಾ ಈ ತಾಯಿ. ಆಕಿಗೆ ಯಾರು ಕೊಟ್ರೋ ನಾ ಕೇಳಲಿಲ್ಲ.”

“ಮತ್ತ ನಮ್ಮ ಬೆಕ್ಕಿನ ತಂದಿ?”

“ತಂದೀನಾ?” ಅವಳ ಬಳೆಗಳೆಲ್ಲ ನಕ್ಕವು. “ಅಯ್ಯೋ ದೇವುಡಾ, ಮಾಳಿಗಿ ಮ್ಯಾಲ ಬಂದು ಹೋದಾತನ್ನ ನಾನೇನು ಹೆಸರು ಕೇಳಿ ಇಟ್ಕಂಡೀನೇನಮ್ಮ?”

ಅರಳಿಯ ಒಡಹುಟ್ಟಿದವು ಎರಡು ಅಲ್ಲೇ ಇದ್ದವು. ಒಂದು ಅಕ್ಕಿ ಚೀಲದ ಮೇಲೆ ಮಲಗಿತ್ತು, ಗಿಡ್ಡ ಕೂದಲಿನ ಪಟ್ಟೆ ಬೆಕ್ಕು, ಯಾವ ಓಣಿಯಲ್ಲಾದರೂ ಕಾಣುವಂಥದ್ದು. ನನಗೆ ಜೀವ ಬಂತು. ಇನ್ನೊಂದು ಒಳಗಿನಿಂದ ಬಂತು, ಅರಳಿಗಿಂತ ಬಿಳಿ, ಅರಳಿಗಿಂತ ತುಪ್ಪಳ. ಅಜ್ಜಿ ಎರಡನ್ನೂ ಕಣ್ಣು ಕಿರಿದುಮಾಡಿ ನೋಡಿದಳು. ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖಮಾಡಿ ಕೂತವಳು ಬಳ್ಳಾರಿ ಹತ್ತಿರ ಬಂದಾಗ ನನ್ನ ಕಡೆ ತಿರುಗಿದಳು.

“ಬೆಣ್ಣಿಯಾಕಿ ಸುದ್ದಿ ನಿಮ್ಮಮ್ಮನ ಮುಂದ ಆಡಬ್ಯಾಡ. ನಾನ ಕೇಳ್ತೀನಿ. ತಿಳೀತಿಲ್ಲೋ?”

ತಿಳಿಯಿತು ಎಂದು ತಲೆಯಾಡಿಸಿದೆ. ಅಜ್ಜಿ ಜಾಣೆ. ಅಮ್ಮನಿಗೆ ಬೆಣ್ಣೆಯವಳ ಸುದ್ದಿ ಮೊದಲೇ ತಿಳಿದಿರದೆ ಅವಳ ಬಾಯಿಂದ ತಾನಾಗಿ ಅದೇ ಬಂದರೆ ಮಾತ್ರ ಅದು ಸಾಕ್ಷಿ.

ಮನೆ ಮುಟ್ಟುವ ಹೊತ್ತಿಗೆ ಸಂಜೆ. ಅಜ್ಜಿ ಬಸ್ಸಿನ ಮೈಲಿಗೆ ಕಳೆಯಲು ಬಚ್ಚಲಿಗೆ ಹೋದಳು, ತಲೆಯ ಮೇಲೆ ನೀರು ಹಾಕಿಕೊಂಡಳು, ಮಡಿಯುಟ್ಟು ದೀಪ ಹಚ್ಚಿದಳು. ಆಮೇಲೆ ಅಮ್ಮನನ್ನು ದೇವರಮನೆಯ ಹೊಸ್ತಿಲಿಗೆ ಕರೆದಳು. ನಾನು ಎರಡನೆಯ ಕಲ್ಲಿನ ಮೇಲಿದ್ದೆ. ಅಪ್ಪ ಪಡಸಾಲೆಯಲ್ಲಿ, ಪೇಪರು ಮಡಚಿ. ಈ ಸಂಭಾಷಣೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿದ್ದೇನೆಂದರೆ ಇದರ ಒಂದು ಅಕ್ಷರವನ್ನೂ ನಂಬಬೇಡಿ ಎಂದು ಹೇಳಬೇಕು. ಆದರೂ ಇದು ಹೀಗೆಯೇ ಇತ್ತು.

“ಸುಶೀಲಾ, ನಿಮ್ಮ ತವರ ಮನ್ಯಾಗ ಬೆಕ್ಕು ಇತ್ತೇನು?”

“ಇತ್ರಿ ಅತ್ಯಾ.”

“ಎಂಥಾದ್ದು?”

“ಬೆಳ್ಳಗ. ಉದ್ದ ಕೂದಲದ್ದು. ಅಟ್ಟದ ಮ್ಯಾಲ ಮೆಣಸಿನಕಾಯಿ ಚೀಲದ ಹಿಂದ ಮರಿ ಹಾಕ್ತಿತ್ತು. ಅದರ ತಾಯೀನೂ ಅಲ್ಲೇ ಹುಟ್ಟಿದ್ದು, ಅದರ ಅಜ್ಜೀನೂ ಅಲ್ಲೇ. ಗುಡ್ಡದ ಕಡೆ ಬೆಕ್ಕು ಅಂತಿದ್ರು ನಮ್ಮಪ್ಪ.”

“ಮರಿ ಎಲ್ಲಿ ಹೋದ್ವು?”

“ಮಂದಿ ಒಯ್ತಿದ್ರು. ಒಂದನ್ನ ಬೆಣ್ಣಿ ಮಾರೋ ಈರಮ್ಮ ಒಯ್ದಿದ್ಲು. ಸಿರುಗುಪ್ಪದಾಗ ಯಾರೋ ಮಿಲ್ಲಿನವ್ರು ಕೇಳ್ಯಾರ ಅಂತ.”

ಅಜ್ಜಿ ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದಳು.

“ದೀಪದ ಮುಂದ ಹೇಳ್ಲಿಕತ್ತಿ.”

“ದೀಪದ ಮುಂದನ ಹೇಳ್ತೀನ್ರಿ.”

“ಹಂಗಾದ್ರ ಇದು ನಿನ್ನ ತವರ ಕಡೀದು.”

“ಹೌದ್ರಿ.”

“ಇಷ್ಟು ದಿನ ಯಾಕ ಬಾಯಿ ಬಿಡಲಿಲ್ಲ?”

“ನನ್ನ ಯಾರು ಕೇಳಿದ್ರಿ?”

ಅಜ್ಜಿ ಎದ್ದಳು. ಗೋಡೆ ಹಿಡಿದುಕೊಂಡು ಅಡಿಗೆಮನೆ ದಾಟಿ ಬಂದು ನಡುಮನೆಯ ಬಾಗಿಲ ಚಿಲಕ ತೆಗೆದಳು. ಅರಳಿ ಅವಳ ಕಾಲ ಸಂದಿಯಿಂದ ನುಗ್ಗಿ ಒಳಗೆ ಹೋಯಿತು.

ಲಕ್ಷಬತ್ತಿ ಕಾರ್ತಿಕದಲ್ಲಿ ಉರಿಯಿತು. ಹಿತ್ತಾಳೆಯ ದೊಡ್ಡ ಹರಿವಾಣದಲ್ಲಿ ಡಬ್ಬಿಗಳನ್ನೆಲ್ಲ ಬರಿದುಮಾಡಿ, ತುಪ್ಪ ಸುರಿದು, ಅಂಗಳದಲ್ಲಿ ತುಳಸಿಯ ಮುಂದೆ ಅಜ್ಜಿ ಹಚ್ಚಿದಳು. ಆಚಾರ್ಯರು ಬಂದಿದ್ದರು, ಓಣಿಯ ಹೆಂಗಸರು ಬಂದಿದ್ದರು. ಉರಿ ಎದ್ದಾಗ ಅಪ್ಪ, ಅಮ್ಮ, ನಾನು ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಆ ವಾಸನೆ ಬಂತೇ? ತುಪ್ಪದ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ಇತ್ತೇ ಎಂದು ಕೇಳಿದರೆ, ಉಸಿರು ಹಿಡಿದವರಿಗೆ ವಾಸನೆ ಹೇಗೆ ಗೊತ್ತಾಗಬೇಕು? ಅಜ್ಜಿ ಮಾತ್ರ ಉರಿಗೆ ಮುಖ ಒಡ್ಡಿ ಉಸಿರು ಎಳೆದುಕೊಂಡಳು. ಏನು ಗೊತ್ತಾಯಿತೋ, ಕೈಮುಗಿದಳು. ಆಮೇಲೆ ಪ್ರಸಾದ ಹಂಚುವಾಗ ಅಮ್ಮನಿಗೆ ಎಲ್ಲರಿಗಿಂತ ಮೊದಲು ಕೊಟ್ಟಳು. ಹಾಗೆ ಕೊಟ್ಟದ್ದು ನಾನು ಕಂಡಂತೆ ಅದೇ ಮೊದಲು. ಅರಳಿ ಆ ಮನೆಯಲ್ಲಿಯೇ ಬದುಕಿ, ಮುದಿಯಾಗಿ, ಹಿತ್ತಲ ಕೋಣೆಯಲ್ಲಿಯೇ ಸತ್ತಿತು.

ಇಲ್ಲಿಗೆ ಕತೆ ಮುಗಿಯಿತು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅಮ್ಮನಿಗೆ ಮೊದಲೇ ತಿಳಿದಿತ್ತು, ಬೆಕ್ಕು ಕುರುಗೋಡಿನದು, ಪರ್ಷಿಯಾ ಬರೀ ಕಾಕಾನ ಬಾಯಲ್ಲಿತ್ತು. ಆಮೇಲೆ ಒಮ್ಮೆ ಕುರುಗೋಡಿಗೆ ಹೋದಾಗ ಸೋದರಮಾವನನ್ನು ಸುಮ್ಮನೆ ಕೇಳಿದೆ.

“ಬೆಕ್ಕಾ? ನಮ್ಮ ಮನ್ಯಾಗ?” ಎಂದ ಮಾವ. “ನಮ್ಮಪ್ಪಗ ಬೆಕ್ಕು ಕಂಡ್ರ ಆಗ್ತಿದ್ದಿಲ್ಲ. ಹೊಡದು ಓಡಸ್ತಿದ್ದ.” ಚಹಾ ಕುಡಿದು ಮುಗಿಸಿದ ಮೇಲೆ, “ಒಂದು ಇತ್ತೇನಪಾ. ಕರೀದು” ಎಂದ. ಬಸ್ಸು ಹತ್ತಿಸಲು ಬಂದಾಗ, “ಅಟ್ಟದ ಮ್ಯಾಲ ಏನೋ ಒದರ್ತಿತ್ತು ಬಿಡು” ಎಂದ.

ಈರಮ್ಮ ಎನ್ನುವ ಹೆಸರು ಮಿಲ್ಲಿನವಳು ಹೇಳಿರಲಿಲ್ಲ, ಅಮ್ಮ ಹೇಳಿದಳು. ಅದೊಂದು ಬಲವಾದ ಸಾಕ್ಷಿ ಎಂದು ಅನ್ನಿಸುತ್ತದೆ. ಆದರೆ ಆ ಕಡೆ ಪ್ರತಿ ಓಣಿಗೂ ಒಬ್ಬಳು ಈರಮ್ಮ ಇರುತ್ತಿದ್ದಳು. ಅಮ್ಮ ಕೊನೆಯ ದಿನಗಳಲ್ಲಿ ನನ್ನ ಮನೆಯಲ್ಲಿದ್ದಾಗ ಅವಳ ತಲೆ ಬಾಚುತ್ತ ನೇರವಾಗಿಯೇ ಕೇಳಿದೆ.

“ಅಮ್ಮಾ, ಅವತ್ತು ಅಜ್ಜಿ ಕೇಳೋಕ್ಕಿಂತ ಮೊದಲ ಬೆಣ್ಣಿಯಾಕಿ ಸುದ್ದಿ ನಾ ನಿನಗ ಹೇಳಿದ್ನೇನು?”

“ಬೆಕ್ಕು ಉಳೀತಿಲ್ಲೋ?” ಎಂದಳು. “ಸಿಕ್ಕು ಬಿಡಿಸು, ನೋವಾಗ್ತದ.”

ನನ್ನ ತಲೆಯಲ್ಲಿ ಆ ಸಂಜೆ ಎರಡು ಇವೆ. ಒಂದರಲ್ಲಿ ಅಜ್ಜಿ ಬಚ್ಚಲಲ್ಲಿದ್ದಾಗ ನಾನು ಹಿತ್ತಲಿಗೆ ಓಡಿದ್ದೇನೆ, ಅಮ್ಮ ಒಗೆದ ಸೀರೆ ಹಿಂಡುತ್ತಿದ್ದಾಳೆ, ನಾನು ಏದುಸಿರು ಬಿಡುತ್ತ ಬೆಣ್ಣಿ, ಕುರುಗೋಡ, ಮಿಲ್ಲು ಎಂದು ಒಂದೊಂದೇ ಹೇಳುತ್ತಿದ್ದೇನೆ, ಅವಳ ಕೈ ನಿಂತಿದೆ, ಸೀರೆಯಿಂದ ನೀರು ನನ್ನ ಪಾದದ ಮೇಲೆ ಬೀಳುತ್ತಿದೆ. ಇನ್ನೊಂದರಲ್ಲಿ ನಾನು ಬಸ್ಸಿನಲ್ಲಿಯೇ ನಿದ್ದೆಹೋಗಿದ್ದೇನೆ, ಬಸ್‌ಸ್ಟ್ಯಾಂಡಿಗೆ ಬಂದಿದ್ದ ಅಪ್ಪ ಹೆಗಲ ಮೇಲೆ ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದ್ದಾನೆ, ಎಚ್ಚರವಾದಾಗ ದೀಪ ಹಚ್ಚಿಯಾಗಿದೆ, ಅಜ್ಜಿ ಅಮ್ಮನನ್ನು ಕರೆಯುತ್ತಿದ್ದಾಳೆ. ನೀರಿನ ತಂಪು ನಿಜ. ಅಪ್ಪನ ಅಂಗಿಯ ಬೆವರಿನ ವಾಸನೆಯೂ ನಿಜ. ಮೊದಲನೆಯದು ನಡೆದಿದ್ದರೆ ಅಮ್ಮ ದೀಪದ ಮುಂದೆ ಸುಳ್ಳು ಹೇಳಿದಳು, ಅರಳಿ ಯಾವ ದೇಶದ್ದಾದರೂ ಆಗಿರಬಹುದು. ಎರಡನೆಯದು ನಡೆದಿದ್ದರೆ ಅದು ಕುರುಗೋಡಿನ ಅಟ್ಟದ ಬೆಕ್ಕು, ತಾಯಿಯ ಕಡೆಯಿಂದಲಾದರೂ. ಇದನ್ನು ಹೇಳಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ನಾನು ಹೇಳಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.